ಕಾಣದ ಗಾಯಕ್ಕೆ ವರದಿ ಬರೆಯುವ ವಿದ್ಯೆ

ಕೆಲಸದಿಂದಾಗಿ ದೇಹಕ್ಕಾಗಲಿ ಮನಸ್ಸಿಗಾಗಲಿ ಹಾನಿಯಾದ ನೌಕರನಿಗೆ, ತಪ್ಪು ಯಾರದೆಂದು ವಿಚಾರಿಸದೆ, ಚಿಕಿತ್ಸೆಯನ್ನೂ ಹಣವನ್ನೂ ಒದಗಿಸುವ ವ್ಯವಸ್ಥೆಗೆ ಕಾರ್ಮಿಕ ಪರಿಹಾರವೆಂದು ಹೆಸರು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಇಂತಹ ಹಕ್ಕಿನ ಬಗ್ಗೆ ವಿವಾದವೆದ್ದಾಗ, ಪರೀಕ್ಷೆ ನಡೆಸಿದ ಮನೋವೈದ್ಯರು ಅಥವಾ ಮನಶ್ಶಾಸ್ತ್ರಜ್ಞರು ಬರೆದುಕೊಡುವ ವೈದ್ಯಕೀಯ-ಕಾನೂನು ವರದಿಯೇ ಮುಖ್ಯ ಸಾಕ್ಷ್ಯವಾಗುತ್ತದೆ. ಆದ್ದರಿಂದಲೇ ಸರ್ಕಾರದ ಪರೀಕ್ಷಕರ ಪಟ್ಟಿಗೆ ಸೇರಬಯಸುವವರು ವರದಿ ಬರವಣಿಗೆಯ ತರಬೇತಿಯನ್ನು ಪಡೆದಿರಬೇಕೆಂಬ ನಿಯಮ ಅಲ್ಲಿದೆ.

ಚಿಕಿತ್ಸೆ ನೀಡುವವರು ರೋಗಿಯ ಮಾತನ್ನು ನಂಬಿ ಅವನ ಪರವಾಗಿ ನಿಲ್ಲುತ್ತಾರೆ. ಪರೀಕ್ಷಕರಾದರೋ ಯಾರ ಪರವನ್ನೂ ವಹಿಸದೆ, ಹೇಳಿಕೆ, ಹಳೆಯ ದಾಖಲೆ ಮತ್ತು ಮನಶ್ಶಾಸ್ತ್ರೀಯ ಪರೀಕ್ಷೆಗಳ ಫಲಿತಾಂಶವನ್ನು ಒಂದಕ್ಕೊಂದು ತಾಳೆ ನೋಡಿ, ಹೊಂದಿಕೆಯಾಗದ ಸಂಗತಿಗಳನ್ನೂ ಮರೆಮಾಚದೆ ಬರೆಯಬೇಕು. ತರಬೇತಿಯ ಮೊದಲ ಪಾಠ ಈ ಪಾತ್ರಭೇದ. ವರದಿಗೆ ಸಹಿ ಹಾಕುವವರು ಸ್ವತಃ ಪರೀಕ್ಷಿಸಿ, ನೆರವಾದವರ ಹೆಸರುಗಳನ್ನು ತಿಳಿಸಿ, ಸುಳ್ಳು ಸಾಕ್ಷ್ಯದ ಶಿಕ್ಷೆಗೆ ಒಳಪಟ್ಟು ಬರೆದುದು ನಿಜವೆಂದು ಘೋಷಿಸಬೇಕು.

ಎರಡನೆಯ ಪಾಠ ಕಾರಣದ ನಿರ್ಣಯ. ರಾಜ್ಯದ ಕಾರ್ಮಿಕ ಸಂಹಿತೆಯ 3208.3ನೆಯ ಕಲಮಿನ ಪ್ರಕಾರ, ಮಾನಸಿಕ ಹಾನಿಗೆ ಕಾರಣವಾದ ಎಲ್ಲ ಸಂಗತಿಗಳಲ್ಲಿ ಉದ್ಯೋಗದ ನೈಜ ಘಟನೆಗಳ ಪಾಲು ಸಾಮಾನ್ಯವಾಗಿ ಶೇ. 50ನ್ನು ಮೀರಿರಬೇಕು, ಹಿಂಸಾಕೃತ್ಯಕ್ಕೆ ತುತ್ತಾದವರಿಗೆ ಅಥವಾ ಅಂತಹ ಕೃತ್ಯವನ್ನು ನೇರವಾಗಿ ಎದುರಿಸಿದವರಿಗೆ ಶೇ. 35ರಿಂದ 40ರಷ್ಟಿದ್ದರೂ ಸಾಕು. ಹಾನಿ ಕೆಲಸದಿಂದ ಆಯಿತೆಂದು ಸಿದ್ಧವಾದ ಮೇಲೆ, ಶಾಶ್ವತವಾಗಿ ಉಳಿದ ಅಸಾಮರ್ಥ್ಯದಲ್ಲಿ ಕೆಲಸದ ಪಾಲೆಷ್ಟು, ಇತರ ಕಾರಣಗಳ ಪಾಲೆಷ್ಟು ಎಂಬುದನ್ನು ಬೇರೆಯಾಗಿ ಹಂಚಿ ತೋರಿಸಬೇಕು. ಈ ಎರಡು ಲೆಕ್ಕಗಳು ಒಂದೇ ಎಂದು ಭಾವಿಸುವುದು ಹೊಸಬರು ಜಾರಿಬೀಳುವ ಜಾಗ.

ಉದಾಹರಣೆಗೆ, ವಿಚ್ಛೇದನದ ದುಃಖದಲ್ಲಿದ್ದ ನೌಕರನೊಬ್ಬ ಕೆಲಸದ ಸ್ಥಳದ ಕಿರುಕುಳದಿಂದ ಖಿನ್ನತೆಗೆ ಒಳಗಾದನೆಂದು ಇಟ್ಟುಕೊಳ್ಳೋಣ. ‘ಅಸಾಮರ್ಥ್ಯದ ಶೇ. 30 ಭಾಗ ವಿಚ್ಛೇದನದಿಂದ’ ಎಂದಷ್ಟೇ ಬರೆದರೆ ಆ ವರದಿ ನಿಲ್ಲುವುದಿಲ್ಲ. ವಿಚ್ಛೇದನಕ್ಕೆ ಸಂಬಂಧಿಸಿದ ಯಾವ ಲಕ್ಷಣ ಇಂದಿಗೂ ಉಳಿದಿದೆ, ಅದು ನಿದ್ರೆಯನ್ನೋ ಏಕಾಗ್ರತೆಯನ್ನೋ ಹೇಗೆ ಕೆಡಿಸಿ ದುಡಿಮೆಗೆ ಅಡ್ಡಿಯಾಗಿದೆ, ಆ ಪಾಲು ಅಷ್ಟೇ ಏಕೆ ಎಂಬುದನ್ನು ದಾಖಲೆಗಳ ಆಧಾರದಿಂದ ವಿವರಿಸಬೇಕು. ‘ಹೇಗೆ, ಏಕೆ’ ಎಂಬ ಈ ವಿವರಣೆಯಿಲ್ಲದ ಅಭಿಪ್ರಾಯ ಗಟ್ಟಿಯಾದ ಸಾಕ್ಷ್ಯವಾಗದೆಂದು ರಾಜ್ಯದ ಕಾರ್ಮಿಕ ಪರಿಹಾರ ಮೇಲ್ಮನವಿ ಮಂಡಳಿಯು 2005ರ ಎಸ್ಕೊಬೆಡೊ ಪ್ರಕರಣದಲ್ಲಿ ಸ್ಪಷ್ಟಪಡಿಸಿತು.

ಅಸಾಮರ್ಥ್ಯವನ್ನು ಅಳೆಯಲು ಜಿ.ಎ.ಎಫ್. ಎಂಬ ಮಾಪಕವಿದೆ, ವ್ಯಕ್ತಿಯ ಮಾನಸಿಕ, ಸಾಮಾಜಿಕ ಹಾಗೂ ಔದ್ಯೋಗಿಕ ಸಾಮರ್ಥ್ಯಕ್ಕೆ ಅದು 100ರೊಳಗೆ ಒಂದು ಅಂಕವನ್ನು ಕೊಡುತ್ತದೆ. ಶಾಶ್ವತ ಅಸಾಮರ್ಥ್ಯವನ್ನು ಲೆಕ್ಕಹಾಕುವ ರಾಜ್ಯದ 2005ರ ಪಟ್ಟಿಯಂತೆ 70 ಅಂಕ ಬಂದವನಿಗೆ ನ್ಯೂನತೆ ಸೊನ್ನೆ, 50 ಬಂದವನಿಗೆ ಶೇ. 30. ಮನೋವೈದ್ಯರ ಕೈಪಿಡಿಯಾದ ಡಿ.ಎಸ್.ಎಂ. 2013ರ ಆವೃತ್ತಿಯಲ್ಲಿ ಈ ಮಾಪಕವನ್ನು ಕೈಬಿಟ್ಟಿದ್ದರೂ ಕ್ಯಾಲಿಫೋರ್ನಿಯಾದ ಪರಿಹಾರ ವ್ಯವಸ್ಥೆ ಅದನ್ನೇ ಅವಲಂಬಿಸಿದ್ದರಿಂದ, ರೋಗನಿರ್ಣಯದ ಹೊಸ ಭಾಷೆಯ ಜೊತೆಗೆ ಈ ಹಳೆಯ ಅಳತೆಯನ್ನೂ ಕಲಿಯುವುದು ಪರೀಕ್ಷಕರಿಗೆ ಅನಿವಾರ್ಯವಾಯಿತು.

ಅಂಕದಲ್ಲಿ ಆಗುವ ಸಣ್ಣ ವ್ಯತ್ಯಾಸವೂ ನೌಕರನಿಗೆ ಸಲ್ಲುವ ಹಣವನ್ನು ಬದಲಿಸುತ್ತದೆ. ತರ್ಕ ದುರ್ಬಲವಾದ ವರದಿಯಿಂದ ನಿಜವಾಗಿ ನೊಂದವನು ಪರಿಹಾರ ಕಳೆದುಕೊಳ್ಳಬಹುದು, ಇಲ್ಲವೇ ಮಾಲೀಕನು ತನ್ನದಲ್ಲದ ಹೊರೆಯನ್ನು ಹೊರಬೇಕಾಗಬಹುದು. ಆದುದರಿಂದ ಮನೋವೈದ್ಯಕೀಯ ಶಿಕ್ಷಣದಲ್ಲಿ ವರದಿ ಬರವಣಿಗೆಗೆ ರೋಗನಿರ್ಣಯದಷ್ಟೇ ಗೌರವದ ಸ್ಥಾನ ಸಲ್ಲಬೇಕು.