ಬೆಂಡು ಮುಳುಗುವ ಮೊದಲು

ಬಬಲೇಶ್ವರದ ಕಡೆಯ ಒಂದು ಕೆರೆದಂಡೆಯಲ್ಲಿ ನಾವು ನಾಲ್ಕು ಮಂದಿ ಗಾಳ ಹಿಡಿದು ಕೂತಾಗ ಸಂಜೆ ಐದು. ಮೀನುಗಾರರ ಸಂಘದವರನ್ನು ಕೇಳಿಯೇ ಕೂತಿದ್ದೆವು. ಕತ್ತಲಾಗುವ ತನಕ ಹಿಡಿದ ಗೆಂಡೆ ಮೀನಿನ ಒಟ್ಟು ತೂಕ ಯಾರದು ಹೆಚ್ಚೋ ಅವರು ಗೆದ್ದಂತೆ. ಕಡೆಯವನು ಟಿಕೋಟಾದಲ್ಲಿ ಎಲ್ಲರಿಗೂ ಮಿರ್ಚಿ ಭಜಿ, ಚುರುಮರಿ ಕೊಡಿಸಬೇಕು. ಕೊಡಿಸಿದವನು ನಾನೇ. ಭಜಿ ತಿನ್ನುತ್ತ ಗೆಳೆಯರು ನನ್ನ ಸೋಲಿಗೆ ಹೇಳಿದ ಕಾರಣಗಳಲ್ಲಿ ಅರ್ಧದಷ್ಟು ಸುಳ್ಳು ಅಂತ ಆಮೇಲೆ ಗೊತ್ತಾಯಿತು.

"ನಸುಕಿನ್ಯಾಗ ಬರಬೇಕಿತ್ತೋ ಮಾರಾಯ. ಮೀನು ಹಸದು ಬಾಯಿ ತಕ್ಕೊಂಡು ಮ್ಯಾಲ ಬಂದಿರ್ತಾವ." ಇದು ನಮ್ಮ ಕಡೆಯ ದೊಡ್ಡ ನಂಬಿಕೆ. ನಸುಕಿನಲ್ಲಿ ಮೀನು ಮೇಲೆ ಬರುವುದು ನಿಜ, ಆದರೆ ಹಸಿವಿಗಲ್ಲ, ಉಸಿರಿಗೆ. ಹಗಲೆಲ್ಲ ನೀರಿನ ಪಾಚಿ ಬಿಸಿಲು ಕುಡಿದು ಆಮ್ಲಜನಕ ಬಿಡುತ್ತದೆ. ರಾತ್ರಿ ಆ ಕೆಲಸ ನಿಲ್ಲುತ್ತದೆ. ಪಾಚಿ, ಮೀನು, ತಳದ ಕೆಸರು ಎಲ್ಲವೂ ಕೂಡಿ ಇದ್ದದ್ದನ್ನೇ ಉಸಿರಾಡಿ ಖಾಲಿ ಮಾಡುತ್ತವೆ. ಹಾಗಾಗಿ ಆಮ್ಲಜನಕ ತೀರ ಕಡಿಮೆ ಇರುವುದು ಸೂರ್ಯ ಹುಟ್ಟುವ ಮುಂಚೆ, ತುಂಬಿ ತುಳುಕುವುದು ಇಳಿಹೊತ್ತಿಗೆ. ಬೇಸಿಗೆಯಲ್ಲಿ ಇದು ಇನ್ನೂ ಬಿಗಿ: 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ, 30 ಡಿಗ್ರಿಯ ನೀರು ಏಳೂವರೆಯಷ್ಟೇ ಹಿಡಿಯುತ್ತದೆ. ಉಸಿರಿಗೆ ಒದ್ದಾಡುವ ಮೀನಿನ ಮುಂದೆ ಎಂಥ ಎರೆಹುಳ ಇಟ್ಟರೂ ಅದು ತಿರುಗಿ ನೋಡುವುದಿಲ್ಲ.

ನಮ್ಮ ಕೆರೆಗಳಿಗೆ ಈ ಮಾತು ಹೆಚ್ಚು ಸಲ್ಲುತ್ತದೆ. ಮೊಹಮ್ಮದ್ ಆದಿಲ್‌ಶಾಹ 1633ರಲ್ಲಿ ಕಟ್ಟಿಸಿದ ಮಮದಾಪುರದ ಕೆರೆಯಾಗಲಿ, ವಿಜಯಪುರದ ಪಕ್ಕದ 1651ರ ಬೇಗಂ ತಲಾಬ್ ಆಗಲಿ, ಬಯಲಿಗೆ ಅಡ್ಡ ಒಡ್ಡು ಹಾಕಿ ನೀರು ನಿಲ್ಲಿಸಿದವು. ಇಂಥ ಕೆರೆ ಹರಡಿಕೊಳ್ಳುತ್ತದೆಯೇ ಹೊರತು ಆಳಕ್ಕೆ ಇಳಿಯುವುದಿಲ್ಲ. ತೆಳು ನೀರು ಬೇಗ ಕಾಯುತ್ತದೆ, ಬೇಗ ಆರುತ್ತದೆ. ಚಳಿಗಾಲದಲ್ಲೂ ದಿನವಿಡೀ ಕಾದ ದಂಡೆಯ ನೀರು ಸಂಜೆಗೆ ಬೆಚ್ಚಗಿರುತ್ತದೆ, ಬೆಳಕು ಇಳಿದಂತೆ ಗೆಂಡೆ ದಂಡೆಗೆ ಬರುತ್ತದೆ. ಸಂಜೆ ಕೂತದ್ದು ನಮ್ಮ ತಪ್ಪಾಗಿರಲಿಲ್ಲ.

ಎರಡನೆಯವನ ದೂರು: "ನೀ ಬಾಳ ಮಾತಾಡಿದಿ." ಒಪ್ಪಿದೆ, ಮಾತಾಡಿದೆ. ಆದರೆ ಗಾಳಿಯಲ್ಲಿ ಆಡಿದ ಮಾತು ನೀರಿನ ಮೈಗೆ ತಾಗಿ ತಿರುಗಿ ಹೋಗುತ್ತದೆ, ನೂರಕ್ಕೆ ಒಂದು ಪಾಲೂ ಒಳಗೆ ಇಳಿಯುವುದಿಲ್ಲ. ಹಾಗಂತ ಮೀನು ಕಿವುಡಲ್ಲ. ಗೆಂಡೆಯ ಗಾಳಿಚೀಲದಿಂದ ಒಳಗಿವಿಯ ತನಕ ಸಣ್ಣ ಎಲುಬುಗಳ ಸರಪಳಿಯೇ ಇದೆ. ಹೀಗಾಗಿ ಬಹಳಷ್ಟು ಮೀನುಗಳಿಗಿಂತ ಅದರ ಕಿವಿ ಚುರುಕು. ಅದಕ್ಕೆ ಮುಟ್ಟುವುದು ನೆಲದಿಂದ ನೀರಿಗೆ ಇಳಿಯುವ ಅದುರು: ಒಡ್ಡಿನ ಮೇಲೆ ಬೂಟುಗಾಲು ಬಡಿಯುವುದು, ಕಲ್ಲು ಉರುಳಿಸುವುದು. ಅವತ್ತು ಮೋಟರ್‌ಸೈಕಲ್ಲನ್ನು ದಂಡೆಯ ತನಕ ತಂದು ಸ್ಟ್ಯಾಂಡ್ ಹಾಕಿದವನು ಆ ದೂರು ಹೇಳಿದವನೇ.

ನಾನು ನಿಜವಾಗಿ ಕೆಟ್ಟದ್ದು ಹಿಂಡಿಯಲ್ಲಿ. ಜೋಳದ ಹಿಟ್ಟು, ಶೇಂಗಾ ಹಿಂಡಿ, ಬೆಲ್ಲ ಕಲಸಿ ಮೊದಲ ಹತ್ತು ನಿಮಿಷದಲ್ಲೇ ಅರ್ಧ ಬುಟ್ಟಿ ನೀರಿಗೆ ಸುರಿದುಬಿಟ್ಟೆ. ಹೆಚ್ಚು ಹಾಕಿದರೆ ಹೆಚ್ಚು ಮೀನು ಬಂದು ತಿನ್ನುತ್ತವೆ ಅಂತ ಲೆಕ್ಕ. ಗೆಂಡೆಗೆ ಜಠರವೇ ಇಲ್ಲ! ಗಂಟಲೊಳಗಿನ ಹಲ್ಲಿನಿಂದ ಅರೆದದ್ದು ನೇರ ಕರುಳಿಗೆ ಹೋಗುತ್ತದೆ. ಒಮ್ಮೆಗೇ ಹೊಟ್ಟೆ ಬಿರಿಯುವಂತೆ ತುಂಬಿಕೊಳ್ಳಲು ಜಾಗವಿಲ್ಲದ್ದರಿಂದ ಅದು ದಿನವಿಡೀ ಸ್ವಲ್ಪ ಸ್ವಲ್ಪ ಹೆಕ್ಕುತ್ತಿರುತ್ತದೆ. ಸುತ್ತ ಇಷ್ಟು ಹಿಂಡಿ ಬಿದ್ದಿರುವಾಗ ಗಾಳಕ್ಕೆ ಸಿಕ್ಕಿಸಿದ ಒಂದು ಉಂಡೆ ಅದಕ್ಕೆ ಯಾಕೆ ಬೇಕು? ಗೆದ್ದವನು ನಿಂಬೆಗಾತ್ರದ ಉಂಡೆಗಳನ್ನು ಬಿಟ್ಟು ಬಿಟ್ಟು ಒಂದೇ ಜಾಗಕ್ಕೆ ಹಾಕುತ್ತಿದ್ದ. ಇಂಗ್ಲೆಂಡಿನಲ್ಲಿ ಒಟ್ಟು ತೂಕದ ಮೇಲೆ ಗೆಂಡೆ ಪಂದ್ಯ ಆಡುವವರೂ ಮೇವು ಹಾಕುವುದು ಹೀಗೇ. ಉಂಡೆಯ ಬಣ್ಣದ ಬಗ್ಗೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ: ಯರಿಮಣ್ಣಿನ ರಾಡಿ ನೀರಿನಲ್ಲಿ ಸಾಮಾನ್ಯ ಗೆಂಡೆ ತಿನಿಸು ಹುಡುಕುವುದು ಮೂಗಿನಿಂದ, ಬಾಯಿ ಪಕ್ಕದ ಎರಡು ಜೊತೆ ಮೀಸೆಯಿಂದ. ಬೆಳ್ಳಿಗೆಂಡೆಯಂತೂ ನೀರನ್ನೇ ಸೋಸಿ ತಿನ್ನುವ ಜಾತಿ. ಅದು ಗಾಳ ಕಚ್ಚಲಿಲ್ಲ ಅಂತ ಹಿಟ್ಟನ್ನು ಬೈಯುವುದು ಅನ್ಯಾಯ.

"ಮೀನಿಗೆ ನೆನಪಿರಂಗಿಲ್ಲ, ತಪ್ಪಿಸಿಕೊಂಡದ್ದು ಮತ್ತ ಬಂದು ಕಚ್ಚತೈತಿ" ಅನ್ನುವುದು ಮೂರನೆಯವನ ಸಮಾಧಾನ. ನೆದರ್ಲೆಂಡ್ಸಿನ ಬ್ಯೂಕೆಮಾ ಎಂಬ ವಿಜ್ಞಾನಿ 1970ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಮ್ಮೆ ಗಾಳಕ್ಕೆ ಸಿಕ್ಕ ಗೆಂಡೆ ಆಮೇಲೆ ಸಿಗುವುದು ತೀರ ಕಡಿಮೆಯಾಯಿತು. ಒಂದೇ ಪಾಠ, ನೆನಪು ತಿಂಗಳುಗಟ್ಟಲೆ. ಬಾಯಿಗೆ ಬಂದದ್ದನ್ನು ಹೀರಿ, ಅನುಮಾನ ಬಂದರೆ ಕ್ಷಣದಲ್ಲಿ ಉಗುಳುವ ಕಲೆಯೂ ಅದಕ್ಕೆ ಕರಗತ. ಜೋಳದ ದಂಟಿನ ಬೆಂಡು ಒಮ್ಮೆ ನಡುಗಿದ ಕೂಡಲೇ ಮೀನು ನುಂಗಿತು ಅಂತ ಕೋಲು ಎಳೆದವನ ಕೈಗೆ ಬರೀ ದಾರ.

ಇನ್ನು "ಕೆರಿ ತುಂಬಿದ್ರ ಮೀನು ತಾನ ಬರ್ತಾವ" ಅನ್ನುವುದು. ಕೃಷ್ಣೆಯ ನೀರು ಏತ ನೀರಾವರಿಯಲ್ಲಿ ಏರಿ ಬಂದು ನಮ್ಮ ಕೆರೆ ತುಂಬತೊಡಗಿದ ಮೇಲೆ ಈ ಮಾತಿಗೆ ಬಲ ಬಂದಿದೆ. ಸಣ್ಣಪುಟ್ಟ ಮೀನು ನೀರಿನ ಜೊತೆ ಬಂದಾವು. ಆದರೆ ಕಾಟ್ಲಾ, ರೋಹು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ, ಅವಕ್ಕೆ ಹರಿಯುವ ಹೊಳೆಯೇ ಬೇಕು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧರಿ ಹಾರ್ಮೋನು ಚುಚ್ಚಿ ಗೆಂಡೆ ಜಾತಿಯ ಮೀನಿನಿಂದ ಮೊಟ್ಟೆ ಇಡಿಸಿದ ಮೇಲೆಯೇ ಕೆರೆಕೆರೆಗೂ ಮರಿ ಬಿಡುವುದು ಸುಲಭವಾದದ್ದು. ಮೀಸೆಯ ಸಾಮಾನ್ಯ ಗೆಂಡೆ ಮಾತ್ರ ಕೆರೆಯ ಜೊಂಡಿಗೇ ಮೊಟ್ಟೆ ಅಂಟಿಸುತ್ತದೆ. ಅದೂ ಪರದೇಶದ್ದು: 1939ರಲ್ಲಿ ಸಿಲೋನಿನಿಂದ ನೀಲಗಿರಿಗೆ ಬಂತು, 1957ರಲ್ಲಿ ಬ್ಯಾಂಕಾಕಿನಿಂದ ಇನ್ನೊಂದು ತಳಿ ಬಂತು. ಅಂದಮೇಲೆ ಕೆರೆಯ ಮೀನು ಯಾರೋ ದುಡ್ಡು ಕೊಟ್ಟು ತಂದು ಬಿಟ್ಟ ಬೆಳೆ. ಮೀನಿನ ಹಕ್ಕು ಗುತ್ತಿಗೆ ಹಿಡಿದ ಸಂಘದ್ದು. "ಸರ್ಕಾರದ ನೀರು" ಅಂತ ಯಾರೂ ಗಾಳ ಹಾಕುವಂತಿಲ್ಲ. ಮರಿ, ತಳಿ, ಮೇವಿನ ಬಗ್ಗೆ ಕೇಳಬೇಕೆಂದರೆ ವಿಜಯಪುರದ ಪಕ್ಕ ಭೂತನಾಳದಲ್ಲೇ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ.

ಕಡೆಯ ನಂಬಿಕೆ ಅಡುಗೆಮನೆಯದು: ಕೆರೆ ಮೀನು ಮಣ್ಣು ತಿನ್ನುತ್ತದೆ, ಅದಕ್ಕೇ ಮಣ್ಣಿನ ವಾಸನೆ. ಆ ವಾಸನೆಗೆ ಮುಖ್ಯ ಕಾರಣ ಜಿಯೋಸ್ಮಿನ್ ಎಂಬ ವಸ್ತು. ನೀರಿನ ನೀಲಿಹಸಿರು ಪಾಚಿ, ಕೆಸರಿನ ಕೆಲವು ಸೂಕ್ಷ್ಮಜೀವಿಗಳು ಅದನ್ನು ತಯಾರಿಸುತ್ತವೆ. ಮೀನು ಕಿವಿರಿನಿಂದ ಅದನ್ನು ಹೀರಿಕೊಂಡು ಕೊಬ್ಬಿನಲ್ಲಿ ಇಟ್ಟುಕೊಳ್ಳುತ್ತದೆ. ಮೊದಲ ಮಳೆಗೆ ಹೊಲದಿಂದ ಏಳುವ ಘಮವೂ ಇದರದೇ. ಮೀನನ್ನು ಜೀವಂತ ಕೆಲವು ದಿನ ಶುದ್ಧ ನೀರಿನಲ್ಲಿ ಬಿಟ್ಟರೆ ವಾಸನೆ ಇಳಿಯುತ್ತದೆ. ಅಷ್ಟು ತಾಳ್ಮೆ ಇಲ್ಲದವರಿಗೆ ಹುಳಿ ಇದೆ, ಹುಳಿಗೆ ಜಿಯೋಸ್ಮಿನ್ ಒಡೆದುಹೋಗುತ್ತದೆ. ಗೆದ್ದವನು ಕರುಣೆಯಿಂದ ಕೊಟ್ಟ ಎರಡು ಗೆಂಡೆ ಹಿಡಿದು ನಾನು ಮನೆಗೆ ಬಂದಾಗ, ಇದಾವುದನ್ನೂ ಓದದ ನಮ್ಮವ್ವ ಒಂದು ಮುಷ್ಟಿ ಹುಣಸೆಹಣ್ಣು ನೆನೆಹಾಕಿಯೇ ಕೂತಿದ್ದಳು.