ಬೆಂಕಿಗೆ ಸಿಗದ ಊರಿನ ಪುಸ್ತಕಗಳು

ಐರ್ಲೆಂಡಿನ ಹಳೆಯ ದಾಖಲೆಗಳೆಲ್ಲ ಸುಟ್ಟುಹೋದವೆಂಬ ಮಾತು ಅಲ್ಲಿಂದ ವಲಸೆ ಹೋದವರ ವಂಶಜರಲ್ಲಿ ಸಾಮಾನ್ಯ. ಅದು ಅರ್ಧ ಸತ್ಯ. 1922ರ ಜೂನ್ ಕೊನೆಯಲ್ಲಿ, ಅಂತರ್ಯುದ್ಧದ ಮೊದಲ ದಿನಗಳಲ್ಲಿ, ಡಬ್ಲಿನ್ನಿನ ಸರ್ಕಾರಿ ದಾಖಲೆ ಭಂಡಾರ ಬೆಂಕಿಗೆ ಆಹುತಿಯಾಯಿತು. 1821ರಿಂದ 1851ರವರೆಗಿನ ಜನಗಣತಿಯ ಬಹುಪಾಲು ಅಲ್ಲೇ ಬೂದಿಯಾಯಿತು. ಮುಂದಿನ ನಾಲ್ಕು ಗಣತಿಗಳ ಹಾಳೆಗಳನ್ನು ಸರ್ಕಾರವೇ ಅದಕ್ಕೂ ಮೊದಲು ನಾಶಪಡಿಸಿತ್ತು. ಇಡಿಯಾಗಿ ಉಳಿದವುಗಳಲ್ಲಿ ಹಳೆಯದು 1901ರ ಗಣತಿ. ಆದರೆ 1845ರಲ್ಲಿ ತೊಡಗಿದ ಮಹಾಕ್ಷಾಮಕ್ಕೆ ಸಿಕ್ಕಿ ಸುಮಾರು 10 ಲಕ್ಷ ಜನ ಊರು ಬಿಟ್ಟು ಆಗಲೇ ಅರ್ಧ ಶತಮಾನವಾಗಿತ್ತು.

ಅವರ ಸುಳಿವು ಉಳಿದಿರುವುದು ಹಳ್ಳಿಗಳ ದಾಖಲೆಯಲ್ಲಿ. ಕ್ಯಾಥೊಲಿಕ್ ಚರ್ಚುಗಳ ಜ್ಞಾನಸ್ನಾನ, ಮದುವೆಗಳ ಪುಸ್ತಕಗಳು ಆಯಾ ಊರಿನಲ್ಲೇ ಇದ್ದುದರಿಂದ ಬೆಂಕಿಯಿಂದ ಪಾರಾದವು. ಅವುಗಳ ಮೈಕ್ರೊಫಿಲ್ಮ್ ಪ್ರತಿಗಳನ್ನು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಅಂತರ್ಜಾಲಕ್ಕೆ ಏರಿಸಿತು. ತೆರಿಗೆಗಾಗಿ ನಡೆದು 1847ರಿಂದ 1864ರವರೆಗೆ ಪ್ರಕಟವಾದ ‘ಗ್ರಿಫಿತ್ ಮೌಲ್ಯಮಾಪನ’ದಲ್ಲಿ ಪ್ರತಿ ಹಿಡುವಳಿಯ ಒಕ್ಕಲು ಮತ್ತು ಒಡೆಯನ ಹೆಸರಿದೆ, ಹೆಂಡತಿ ಮಕ್ಕಳ ಹೆಸರಿಲ್ಲ.

ಮನೆತನದ ಹೆಸರೊಂದರಿಂದಲೇ ಇವುಗಳಲ್ಲಿ ಹುಡುಕಿದರೆ ಫಲವಿಲ್ಲ. ಮರ್ಫಿ, ಕೆಲ್ಲಿಗಳು ದೇಶದ ತುಂಬ ಇದ್ದಾರೆ. ‘ಟೌನ್‌ಲ್ಯಾಂಡ್’ ಎಂಬ ಅತಿ ಸಣ್ಣ ಗ್ರಾಮಘಟಕಗಳು ಅಲ್ಲಿ 60 ಸಾವಿರಕ್ಕೂ ಹೆಚ್ಚು. ತಮ್ಮದು ಯಾವುದೆಂದು ತಿಳಿಯಬೇಕು. ಹಳೆಯ ಕಾಗದದಲ್ಲೋ ವಿದೇಶದ ಸಮಾಧಿಗಲ್ಲಿನ ಮೇಲೋ ಆ ಒಂದು ಹೆಸರು ಉಳಿದಿದ್ದರೆ, ಹುಡುಕುವವರಿಗೆ ಯಾವ ಚರ್ಚಿನ ಪುಸ್ತಕ ತೆರೆಯಬೇಕೆಂಬುದು ಗೊತ್ತಾಗುತ್ತದೆ.