ಕಚೇರಿ ಬಾಗಿಲಿಗೆ ಶಿಲುಬೆ: ಕಾರ್ಡಿನಲ್‌ಗೆ ಯಾಕೆ ಸಿಟ್ಟು ಬಂತು?

2018ರ ಏಪ್ರಿಲ್‌ನಲ್ಲಿ ಜರ್ಮನಿಯ ಬವೇರಿಯಾ ರಾಜ್ಯ ಸರ್ಕಾರ ಒಂದು ತೀರ್ಮಾನ ಮಾಡಿತು. ಜೂನ್ 1ರಿಂದ ರಾಜ್ಯ ಸರ್ಕಾರದ ಕಚೇರಿಗಳ ಬಾಗಿಲಲ್ಲೇ ಶಿಲುಬೆ ಕಾಣಬೇಕು. ಅಕ್ಟೋಬರ್‌ನಲ್ಲಿ ಚುನಾವಣೆ ಇತ್ತು ಅನ್ನೋದನ್ನೂ ನೆನಪಿಡಿ. ಇದು ಒಂದು ಧರ್ಮದ ಚಿಹ್ನೆಯಲ್ಲ, ಬವೇರಿಯಾದ ಅಸ್ಮಿತೆಯ ಗುರುತು ಅಂತ ಮುಖ್ಯಮಂತ್ರಿ ಮಾರ್ಕುಸ್ ಜೋಡರ್ ಸಮರ್ಥಿಸಿಕೊಂಡರು.

ಸೆಕ್ಯುಲರ್ ಸಂಘಟನೆಗಳು ವಿರೋಧಿಸಿದ್ದು ನಿರೀಕ್ಷಿತವೇ. ನನ್ನ ಗಮನ ಸೆಳೆದದ್ದು ಮ್ಯೂನಿಕ್‌ನ ಕಾರ್ಡಿನಲ್ ರೈನ್‌ಹಾರ್ಡ್ ಮಾರ್ಕ್ಸ್ (ಹೌದು, ಹೆಸರು ಅದೇ!) ಎತ್ತಿದ ತಕರಾರು. ಶಿಲುಬೆಯನ್ನು ಬರೀ ಸಂಸ್ಕೃತಿಯ ಚಿಹ್ನೆಯಾಗಿ ನೋಡುವವರಿಗೆ ಅದು ಅರ್ಥವೇ ಆಗಿಲ್ಲ, ಈ ಆದೇಶ ಜನರನ್ನು ಒಡೆದಿದೆ ಅಂದರು ಅವರು. ಬಿಟ್ಟಿಯಾಗಿ ಸಿಕ್ಕ ಪ್ರಚಾರವನ್ನು ಚರ್ಚಿನ ಹಿರಿಯರೇ ಬೇಡ ಅಂದದ್ದು ಯಾಕೆ?

ಶಿಲುಬೆ ಮೂಲತಃ ಏನು ಅಂತ ನೋಡಿದರೆ ಗೊತ್ತಾಗುತ್ತೆ. ರೋಮನ್ನರಿಗೆ ಅದು ಗುಲಾಮರನ್ನೂ ಬಂಡಾಯಗಾರರನ್ನೂ ಬಹಿರಂಗವಾಗಿ ಕೊಲ್ಲುವ ಸಾಧನ. ಸ್ಪಾರ್ಟಕಸ್‌ನ ದಂಗೆ ಅಡಗಿಸಿದ ಮೇಲೆ, ಕ್ರಿ.ಪೂ. 71ರಲ್ಲಿ, ಆಪಿಯನ್ ಹೆದ್ದಾರಿಯ ಉದ್ದಕ್ಕೂ ಸುಮಾರು 6,000 ಜನರನ್ನು ಶಿಲುಬೆಗೇರಿಸಿದ್ದರು. ನೋಡಿದವರು ಹೆದರಲಿ ಅನ್ನೋದೇ ಉದ್ದೇಶ. ಅಂಥ ಸಾವು ಸತ್ತವನೊಬ್ಬನಲ್ಲಿ ದೇವರನ್ನು ಕಂಡೆವು, ಅವನು ಕೊಂದವರನ್ನೂ ಕ್ಷಮಿಸಿದ, ಆ ಕ್ಷಮೆ ಎಲ್ಲರಿಗೂ ಪುಕ್ಕಟೆ: ಕ್ರೈಸ್ತರ ಮೂಲ ಸಂದೇಶ ಇಷ್ಟೇ. ಕೊರಿಂಥದ ಸಭೆ ತಮ್ಮ ತಮ್ಮ ನಾಯಕರ ಹೆಸರಲ್ಲಿ ಬಣಗಳಾಗಿ ಒಡೆದಾಗ ಪೌಲ ಕಾಗದ ಬರೆದು ಎಳೆದು ತಂದದ್ದೂ ಇಲ್ಲಿಗೇ. ಜಾಣರಿಗೆ ಇದು ಹುಚ್ಚುತನವಾಗಿ ಕಾಣುತ್ತೆ ಅಂತ ಅವನೇ ಒಪ್ಪಿಕೊಳ್ಳುತ್ತಾನೆ.

ಈಗ ಅದೇ ವಸ್ತು ಸರ್ಕಾರದ ಬಾಗಿಲಲ್ಲಿ ನಿಂತು 'ಇದು ನಮ್ಮ ಜಾಗ' ಅಂದರೆ? ಪ್ರಭುತ್ವ ಕೊಂದವನನ್ನು ಪ್ರಭುತ್ವದ ಕಾವಲಿಗೆ ನಿಲ್ಲಿಸಿದ ಹಾಗಾಯ್ತು. ಕಾರ್ಡಿನಲ್‌ರ ತಕರಾರನ್ನು ನಾನು ಓದುವುದು ಹೀಗೆ. ಇದು ಸೆಕ್ಯುಲರ್ ವಾದಕ್ಕಿಂತ ಖಾರವಾದದ್ದು, ಯಾಕಂದ್ರೆ ನಂಬಿಕೆಯ ಒಳಗಿಂದಲೇ ಬಂದದ್ದು.

ಪ್ರಕರಣ ಕೋರ್ಟಿಗೂ ಹೋಯಿತು. ಈ ಶಿಲುಬೆಗಳು ನಿಷ್ಕ್ರಿಯ ಚಿಹ್ನೆಗಳು, ಯಾರನ್ನೂ ಮತಾಂತರಿಸುವ ಪರಿಣಾಮ ಇವಕ್ಕಿಲ್ಲ ಅಂತ 2022ರಲ್ಲಿ ಬವೇರಿಯಾದ ಉನ್ನತ ಆಡಳಿತ ನ್ಯಾಯಾಲಯ ಹೇಳಿತು. ಪೌಲ ಇದನ್ನು ಓದಿದ್ದರೆ ಗೆಲುವು ಅಂತ ಎಣಿಸುತ್ತಿದ್ದನಾ? ನನಗಂತೂ ಅನುಮಾನ. 2023ರ ಡಿಸೆಂಬರ್‌ನಲ್ಲಿ ಲೈಪ್ಜಿಗ್‌ನ ಫೆಡರಲ್ ಆಡಳಿತ ನ್ಯಾಯಾಲಯವೂ ಆದೇಶವನ್ನು ಎತ್ತಿಹಿಡಿಯಿತು.

ಜೋಡರ್ ಪಕ್ಷ ಆ ಅಕ್ಟೋಬರ್‌ನಲ್ಲಿ 37.2% ಮತಕ್ಕೆ ಇಳಿದು ಬಹುಮತ ಕಳೆದುಕೊಂಡಿತ್ತು.